ಮೂರು ಮೈಕು, ಎರಡು ಟೆಂಪೋ: ಒಂದು ಹಾಡನ್ನ 92ರಿಂದ 96ಕ್ಕೆ ತರೋಕೆ ಹೋದಾಗ ಆಗಿದ್ದು

ನಾಲ್ಕು ಜನ ಸೇರಿ ಮಾಡಿದ ಒಂದು ಹಾಡಿನ ಕಥೆ ಇದು. ಹಾಡಿದವರು ಒಬ್ರು, ಗಿಟಾರ್ ಒಬ್ರು, ಡ್ರಮ್ಸ್ ಒಬ್ರು, ಮಿಕ್ಸಿಂಗ್ ನನ್ನದು. ಯಾರ ಹೆಸರೂ ಹೇಳಲ್ಲ, ಯಾವ ಸಾಫ್ಟ್‌ವೇರ್ ಅಂತಾನೂ ಹೇಳಲ್ಲ, ಯಾಕಂದ್ರೆ ಇದು ಯಾವ ಸಾಫ್ಟ್‌ವೇರ್‌ನಲ್ಲಾದ್ರೂ ಆಗಬಹುದಾದ ವಿಷ್ಯ. ಟೈಮ್ ಸ್ಟ್ರೆಚ್ (ಪಿಚ್, ಅಂದ್ರೆ ಶ್ರುತಿ, ಬದಲಾಗದ ಹಾಗೆ ರೆಕಾರ್ಡಿಂಗಿನ ವೇಗ ಮಾತ್ರ ಬದಲಾಯಿಸೋದು) ಮಾಡಿದ್ಮೇಲೆ ಸೌಂಡ್ ಹಾಳಾಯ್ತು ಅಂತ ಸೆಟ್ಟಿಂಗ್ಸ್ ಒಳಗೆ ಹುಡುಕ್ತಾ ಕೂತಿರೋರಿಗೆ ನಾವು ಕಳೆದ ನಾಲ್ಕು ಸಂಜೆ ಉಳೀಲಿ ಅಂತ ಪೂರ್ತಿ ಬರೀತಿದೀನಿ.

ಹಿನ್ನೆಲೆ

ಹಾಡು 92 ಬಿಪಿಎಂ (ನಿಮಿಷಕ್ಕೆ 92 ಬೀಟ್), ಸರಿಯಾಗಿ 460 ಬೀಟ್, ಅಂದ್ರೆ 5 ನಿಮಿಷ. ಗಿಟಾರ್ ಮತ್ತೆ ಡ್ರಮ್ಸ್ ಬೇರೆ ಬೇರೆ ದಿನ, ಬೇರೆ ಬೇರೆ ಜಾಗದಲ್ಲಿ, ಆದ್ರೆ ಎರಡೂ 92ರ ಕ್ಲಿಕ್ (ತಾಳ ತಪ್ಪದ ಹಾಗೆ ಕಿವಿಗೆ ಕೊಡೋ ಟಿಕ್ ಟಿಕ್ ಸದ್ದು) ಕೇಳ್ಕೊಂಡೇ ರೆಕಾರ್ಡ್ ಆಗಿದ್ವು. ಡ್ರಮ್ಸ್‌ಗೆ ಮೂರು ಮೈಕ್, ಕಿಕ್ (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್) ಹತ್ರ ಒಂದು, ಸ್ನೇರ್ (ಕಡ್ಡಿಯಲ್ಲಿ ಬಾರಿಸೋ ಚೂಪು ಸದ್ದಿನ ಡ್ರಮ್) ಹತ್ರ ಒಂದು, ಸುಮಾರು 3 ಮೀಟರ್ ದೂರದಲ್ಲಿ ರೂಮ್ ಮೈಕ್ ಒಂದು. ವಾಯ್ಸ್ ಒಂದು ವೇವ್ ಫೈಲ್ ಆಗಿ ಬಂತು. ಎಲ್ಲಾ ಫೈಲ್ ಒಟ್ಟಿಗೆ ಇಟ್ಟು ಕೇಳಿದ್ಮೇಲೆ ಅವರು ಮೂವರಿಗೂ ಪಲ್ಲವಿ ಎಳೀತಿದೆ ಅನ್ನಿಸ್ತು, "96 ಮಾಡಿ ನೋಡೋಣ, ಸ್ವಲ್ಪಾನೇ ತಾನೇ" ಅಂದ್ರು. ನಂಗೂ ಸರಿ ಅನ್ನಿಸ್ತು. 92ರಿಂದ 96 ಅಂದ್ರೆ ಶೇಕಡಾ 4.3ರಷ್ಟು ವೇಗ ಜಾಸ್ತಿ, 300 ಸೆಕೆಂಡಿನ ಹಾಡು 287.5 ಸೆಕೆಂಡ್ ಆಗುತ್ತೆ, ಇವತ್ತಿನ ಯಾವ ಒಳ್ಳೆ ಅಲ್ಗಾರಿದಮ್‌ಗೂ ಇದು ಭಾರ ಅಲ್ಲ.

48 ಕಿಲೋಹರ್ಟ್ಸ್‌ನ (ಸೆಕೆಂಡಿಗೆ 48000 ಸ್ಯಾಂಪಲ್, ಅಂದ್ರೆ ಸದ್ದಿನ ಅಳತೆ) ಹೊಸ ಪ್ರಾಜೆಕ್ಟ್ ತೆಗೆದು, ಟೆಂಪೋ 96 ಅಂತ ಇಟ್ಟು, ಐದೂ ಫೈಲ್ ಎಳೆದು ಹಾಕ್ದೆ. ಸಾಫ್ಟ್‌ವೇರ್ ತಾನೇ ಎಲ್ಲಾನೂ 96ಕ್ಕೆ ಹೊಂದಿಸ್ಕೊಳ್ತು. ತಪ್ಪು ಶುರುವಾಗಿದ್ದೇ ಅಲ್ಲಿ, ಆದ್ರೆ ಅದು ಕಣ್ಣಿಗೆ ಬಿದ್ದಿದ್ದು ಮೂರನೇ ಸಂಜೆ.

ಏನು ಕೇಳಿಸ್ತಿತ್ತು

ಮೂರು ಥರದ ತೊಂದರೆ ಇತ್ತು, ಮೂರಕ್ಕೂ ಒಂದೇ ಕಾರಣ ಅಂತ ಅಂದ್ಕೊಂಡಿದ್ದೇ ನಮ್ಮ ಮೊದಲನೇ ತಪ್ಪು. ವಾಯ್ಸ್‌ನಲ್ಲಿ ಸ, ಶ, ಚ ಬಂದಾಗೆಲ್ಲ ತಗಡು ಉಜ್ಜಿದ ಹಾಗೆ, ಉದ್ದದ ಸ್ವರಗಳು ಪೈಪ್ ಒಳಗಿಂದ ಬಂದ ಹಾಗೆ. ಡ್ರಮ್ಸ್ ಶುರುವಲ್ಲಿ ಟೊಳ್ಳು, ಮೊದಲ ಕೆಲವು ಸೆಕೆಂಡಲ್ಲಿ ಆ ಟೊಳ್ಳು ಸುಯ್ ಅಂತ ಜಾರ್ತಾ ಹೋಗೋದು, ಅರ್ಧ ನಿಮಿಷ ಆಗೋಷ್ಟ್ರಲ್ಲಿ ಒಂದೊಂದು ಹೊಡೆತಾನೂ ಎರಡೆರಡಾಗಿ ಕೇಳೋದು. ಇನ್ನು ಹಾಡು ಮುಗಿಯೋ ಹೊತ್ತಿಗೆ ವಾಯ್ಸ್ ಡ್ರಮ್ಸ್‌ಗಿಂತ ಮುಂದೆ ಓಡ್ತಿತ್ತು, ಕೊನೇ ಸಾಲಲ್ಲಿ ಹತ್ತಿರತ್ತಿರ ಅರ್ಧ ಸೆಕೆಂಡ್.

ಆ ಜಾರೋ ಟೊಳ್ಳು ಒಂದು ದೊಡ್ಡ ಸುಳಿವಾಗಿತ್ತು. ಅಲ್ಗಾರಿದಮ್ ಕೆಟ್ಟದಾಗಿದ್ರೆ ಶುರುವಿಂದ ಕೊನೇವರೆಗೂ ಒಂದೇ ಥರ ಕೆಟ್ಟದಾಗಿ ಕೇಳಬೇಕು, ಹೊತ್ತು ಹೋದ ಹಾಗೆ ಬೆಳೀತಾ ಹೋಗೋ ದೋಷ ಅಂದ್ರೆ ಎಲ್ಲೋ ಎರಡು ವೇಗ ಬೇರೆ ಬೇರೆ ಇದೆ ಅಂತ ಅರ್ಥ. ನಾನು ಅವತ್ತು ಅದನ್ನ ಹಾಗೆ ಓದ್ಲಿಲ್ಲ.

ಮೊದಲು ಮಾಡಿದ್ದು

ಮೊದಲ ಸಂಜೆ ಪೂರ್ತಿ ಸ್ಟ್ರೆಚ್ ಮೋಡ್ ಬದಲಾಯಿಸೋದ್ರಲ್ಲೇ ಹೋಯ್ತು. ಈ ಮೋಡ್‌ಗಳ ಹೆಸರು ಒಂದೊಂದು ಸಾಫ್ಟ್‌ವೇರ್‌ನಲ್ಲಿ ಒಂದೊಂದು ಥರ, ಏಬಲ್ಟನ್‌ನಲ್ಲಿ ಬೀಟ್ಸ್, ಟೋನ್ಸ್, ಟೆಕ್ಸ್ಚರ್, ಕಾಂಪ್ಲೆಕ್ಸ್ ಅಂತ, ರೀಪರ್‌ನಲ್ಲಿ ಎಲಾಸ್ಟಿಕ್, ರಬ್ಬರ್ ಬ್ಯಾಂಡ್, ಸೌಂಡ್‌ಟಚ್ ಅಂತ, ಆದ್ರೆ ಒಳಗಡೆ ಮುಖ್ಯವಾಗಿ ಇರೋದು ಎರಡು ದಾರಿ. ಒಂದು, ಸದ್ದನ್ನ ಸಣ್ಣ ಸಣ್ಣ ತುಂಡು ಮಾಡಿ, ಅಲೆಯ ಆಕಾರ ಎಲ್ಲಿ ಹೊಂದುತ್ತೋ ಅಲ್ಲಿ ಒಂದರ ಮೇಲೊಂದು ಕೂರಿಸಿ ಅಂಟಿಸೋದು. ಒಂದೇ ಸ್ವರ ಇರೋ ವಾಯ್ಸ್‌ಗೆ ಇದು ಚೆನ್ನಾಗಿ ಒಗ್ಗುತ್ತೆ, ಗಿಟಾರಿನ ಕಾರ್ಡ್ ಥರ ನಾಲ್ಕೈದು ಸ್ವರ ಒಟ್ಟಿಗಿದ್ರೆ ಎಲ್ಲದಕ್ಕೂ ಹೊಂದೋ ಜಾಗ ಸಿಗದೇ ಗರಗರ ಅನ್ನುತ್ತೆ. ಇನ್ನೊಂದು ಫೇಸ್ ವೊಕೋಡರ್, ಬೆಲ್ ಲ್ಯಾಬ್ಸ್‌ನ ಫ್ಲಾನಗನ್ ಮತ್ತೆ ಗೋಲ್ಡನ್ 1966ರಲ್ಲೇ ಪ್ರಕಟಿಸಿದ ಐಡಿಯಾ, ಸದ್ದನ್ನ ಫ್ರೀಕ್ವೆನ್ಸಿಗಳಾಗಿ ಒಡೆದು, ಸಮಯ ಬದಲಾಯಿಸಿ, ಮತ್ತೆ ಕಟ್ಟೋದು. ಕಾರ್ಡ್‌ಗಳು ಇದ್ರಲ್ಲಿ ನಯವಾಗಿ ಬರ್ತವೆ, ಆದ್ರೆ ಡ್ರಮ್ ಹೊಡೆತದ ಮೊನೆ ಹರಡಿ ಹೋಗುತ್ತೆ.

ಎಷ್ಟು ಹರಡುತ್ತೆ ಅನ್ನೋದಕ್ಕೆ ಲೆಕ್ಕ ಇದೆ. ವಿಂಡೋ (ಒಂದು ಸಲಕ್ಕೆ ನೋಡೋ ಸದ್ದಿನ ತುಂಡು) 4096 ಸ್ಯಾಂಪಲ್ ಇಟ್ರೆ 48 ಕಿಲೋಹರ್ಟ್ಸ್‌ನಲ್ಲಿ ಅದು 85 ಮಿಲಿಸೆಕೆಂಡ್, 1024 ಇಟ್ರೆ 21. ದೊಡ್ಡ ವಿಂಡೋದಲ್ಲಿ ಸ್ವರ ಸ್ಪಷ್ಟ, ಹೊಡೆತ ಮಬ್ಬು, ಚಿಕ್ಕ ವಿಂಡೋದಲ್ಲಿ ಹೊಡೆತ ಚೂಪು, ಕೆಳಗಿನ ಸ್ವರಗಳು ಅಲುಗಾಡ್ತವೆ. ಇದು ಯಾರೋ ಸರಿಯಾಗಿ ಬರೀದೇ ಇರೋ ಕೋಡ್ ಅಲ್ಲ, ಸಮಯ ನಿಖರ ಬೇಕಂದ್ರೆ ಫ್ರೀಕ್ವೆನ್ಸಿ ಬಿಡ್ಬೇಕು, ಫ್ರೀಕ್ವೆನ್ಸಿ ನಿಖರ ಬೇಕಂದ್ರೆ ಸಮಯ ಬಿಡ್ಬೇಕು ಅನ್ನೋ ಗಣಿತ. ಹಾಗಾಗಿ "ಎಲ್ಲಕ್ಕಿಂತ ಬೆಸ್ಟ್ ಸೆಟ್ಟಿಂಗ್ ಯಾವುದು" ಅಂತ ಕೇಳೋದ್ರಲ್ಲಿ ಅರ್ಥ ಇಲ್ಲ, ಯಾವ ಸದ್ದಿಗೆ ಅಂತ ಕೇಳ್ಬೇಕು.

ಅವತ್ತು ಫಾರ್ಮಂಟ್ (ದನಿಗೆ ಅದರದ್ದೇ ಬಣ್ಣ ಕೊಡೋ ಫ್ರೀಕ್ವೆನ್ಸಿಗಳು) ನಾಬನ್ನೂ ತುಂಬಾ ಹೊತ್ತು ತಿರುಗಿಸಿದ್ವಿ. ಫಾರ್ಮಂಟ್ ಕಾಪಾಡೋದು ಕೆಲಸಕ್ಕೆ ಬರೋದು ಪಿಚ್ ಬದಲಾಯಿಸಿದಾಗ, ಪಿಚ್ ಹಾಗೇ ಇಟ್ಟು ವೇಗ ಮಾತ್ರ ಬದಲಾಯಿಸ್ತಿದ್ರೆ ಅದ್ರಿಂದ ಸಿಗೋದು ಏನೂ ಇಲ್ಲ.

ಎರಡನೇ ಸಂಜೆ ಇನ್ನೂ ಕೆಟ್ಟ ನಿರ್ಧಾರ ತಗೊಂಡೆ. ವಾಯ್ಸ್ ಮುಂದೆ ಓಡ್ತಿದೆ ಅಲ್ವಾ, ಅದನ್ನ ಆಗ ಇದ್ದ ಮೋಡ್‌ನಲ್ಲೇ ರೆಂಡರ್ ಮಾಡ್ಕೊಂಡು (ಹೊಸ ಫೈಲಾಗಿ ಬರೆದು), ಆ ಫೈಲ್ ಮೇಲೆ ಸ್ಟ್ರೆಚ್ ಮಾರ್ಕರ್ (ಹಿಡಿದು ಎಳೆಯೋಕೆ ಹಾಕೋ ಗುರುತು) ಹಾಕಿ, ಪದ ಪದವನ್ನೂ ಕೈಯಲ್ಲಿ ಎಳೆದು ಡ್ರಮ್ಸ್‌ಗೆ ಕೂರಿಸ್ದೆ. ಅರವತ್ತಕ್ಕೂ ಹೆಚ್ಚು ಮಾರ್ಕರ್. ಟೈಮಿಂಗ್ ಏನೋ ಸರಿ ಹೋಯ್ತು, ಆದ್ರೆ ವಾಯ್ಸ್ ಕೇಳೋಕಾಗದ ಸ್ಥಿತಿಗೆ ಬಂತು. ಸ್ಟ್ರೆಚ್ ಆಗಿರೋದನ್ನ ಮತ್ತೆ ಸ್ಟ್ರೆಚ್ ಮಾಡಿದ್ರೆ, ಮೊದಲನೇ ಸಲ ಬಂದ ತಗಡಿನ ಸದ್ದನ್ನೂ ಅಲ್ಗಾರಿದಮ್ ಹಾಡಿನ ಭಾಗ ಅಂತಾನೇ ತಗೊಂಡು ಅದನ್ನೂ ಹಿಗ್ಗಿಸಿ ಕುಗ್ಗಿಸಿ ಮಾಡುತ್ತೆ. ಹಾಡಿದವರು ಅದನ್ನ ಕೇಳಿ ಸುಮ್ನಾದ್ರು, ಆಮೇಲೆ "ಇದು ನಾನು ಹಾಡಿದ್ ಥರಾನೇ ಇಲ್ಲ" ಅಂದ್ರು. ಅದೇ ಮಾತಿಗೆ ನಾನು ಆ ವರ್ಷನ್ ಪಕ್ಕಕ್ಕಿಟ್ಟು, ಅಂದಾಜಲ್ಲಿ ತಿರುಗಿಸೋದು ಬಿಟ್ಟು, ಅಳೆದು ನೋಡೋಣ ಅಂತ ತೀರ್ಮಾನ ಮಾಡಿದ್ದು.

ಕ್ಲಿಕ್ ಫೈಲ್

ಮೂರನೇ ಸಂಜೆ ಒಂದು ಟೆಸ್ಟ್ ಫೈಲ್ ಮಾಡಿದೆ. 92 ಬಿಪಿಎಂಗೆ ಬೀಟಿಗೊಂದು ಕ್ಲಿಕ್, ಅದರ ಜೊತೆ ಸಣ್ಣಗೆ 440 ಹರ್ಟ್ಸ್ ಸೈನ್ ಟೋನ್, ಅಷ್ಟೇ. ಉತ್ತರ ಏನು ಬರ್ಬೇಕು ಅಂತ ಮೊದಲೇ ಗೊತ್ತಿರೋ ಸದ್ದು ಇದು, ಅದೇ ಇದರ ಉಪಯೋಗ. 96 ಬಿಪಿಎಂನಲ್ಲಿ ಒಂದು ಬೀಟ್ 0.625 ಸೆಕೆಂಡ್, 48 ಕಿಲೋಹರ್ಟ್ಸ್‌ನಲ್ಲಿ ಸರಿಯಾಗಿ 30000 ಸ್ಯಾಂಪಲ್, ಎಣಿಸೋಕೆ ಇದಕ್ಕಿಂತ ಸುಲಭ ಇಲ್ಲ. ಟೋನ್ 440ರಲ್ಲೇ ಅಲುಗಾಡದೇ ನಿಲ್ಬೇಕು.

ಫೈಲನ್ನ ಅದೇ ಪ್ರಾಜೆಕ್ಟಿಗೆ ಹಾಕಿ, ರೆಂಡರ್ ಮಾಡಿ, ಝೂಮ್ ಮಾಡಿ ನೋಡಿದ್ರೆ ಕ್ಲಿಕ್‌ಗಳು 30000 ಸ್ಯಾಂಪಲ್‌ಗೊಂದು, ಕೊನೇವರೆಗೂ. ನಯವಾದ ಮೋಡ್‌ನಲ್ಲಿ ಕ್ಲಿಕ್ಕಿನ ಹಿಂದೆ ಮುಂದೆ ಸ್ವಲ್ಪ ಹರಡಿತ್ತು, ಬೀಟ್ ಮೋಡ್‌ನಲ್ಲಿ ಕ್ಲಿಕ್ ಚೂಪಾಗಿದ್ದು ಟೋನ್ ಚಟಪಟ ಅಂತಿತ್ತು, ಅದು ನಿರೀಕ್ಷೆ ಮಾಡಿದ್ದೇ. ಆದ್ರೆ ಸಮಯದ ಲೆಕ್ಕದಲ್ಲಿ ಒಂದು ಸ್ಯಾಂಪಲ್ಲೂ ತಪ್ಪಿಲ್ಲ. ಒಂದು ಕ್ಷಣ ಬೇಜಾರಾಯ್ತು, ಟೆಸ್ಟ್ ಪಾಸ್ ಆಗಿದೆ, ಹಾಡು ಮಾತ್ರ ಓಡ್ತಾನೇ ಇದೆ. ಆಮೇಲೆ ಹೊಳೀತು, ಅಲ್ಗಾರಿದಮ್ ಹೇಳಿದ ಕೆಲಸ ಸರಿಯಾಗಿ ಮಾಡ್ತಿದೆ ಅಂದ್ರೆ ಅದಕ್ಕೆ ಹೇಳಿರೋದೇ ತಪ್ಪು ಇರ್ಬೇಕು. ಮಾಡೋದನ್ನ ಬಿಟ್ಟು ಹೇಳಿರೋದನ್ನ ನೋಡ್ಬೇಕು.

ಒಂದೊಂದೇ ಕ್ಲಿಪ್ಪಿನ ಪ್ರಾಪರ್ಟೀಸ್ ತೆಗೆದೆ. ಇಂಪೋರ್ಟ್ ಮಾಡುವಾಗ ಸಾಫ್ಟ್‌ವೇರ್ ಪ್ರತಿ ಫೈಲನ್ನೂ ಬೇರೆಬೇರೆಯಾಗಿ ಕೇಳಿ ಅದರ ಮೂಲ ಟೆಂಪೋ ಇಷ್ಟು ಅಂತ ಊಹೆ ಮಾಡಿ ಬರ್ಕೊಂಡಿತ್ತು. ಟೆಸ್ಟ್ ಫೈಲ್ 92.00, ಕಿಕ್ 92.00, ಸ್ನೇರ್ 92.00, ರೂಮ್ ಮೈಕ್ 92.06, ವಾಯ್ಸ್ 91.87. ಕ್ಲಿಕ್ ಅಷ್ಟು ಸ್ವಚ್ಛವಾಗಿದ್ದಿದ್ದಕ್ಕೇ ಊಹೆ ಸರಿ ಬಂದು ಟೆಸ್ಟ್ ಪಾಸ್ ಆಗಿದ್ದು, ಗೋಡೆಗೆ ತಾಗಿ ಬರೋ ಪ್ರತಿಧ್ವನಿ ತುಂಬಿರೋ ರೂಮ್ ಮೈಕಲ್ಲಿ ಹೊಡೆತ ಎಲ್ಲಿ ಶುರು ಅಂತ ಅದಕ್ಕೆ ಸ್ಪಷ್ಟವಾಗಿ ಸಿಕ್ಕಿರ್ಲಿಲ್ಲ, ವಾಯ್ಸಲ್ಲಂತೂ ಹುಡುಕೋಕೆ ಬೀಟೇ ಇಲ್ಲ.

0.06 ಅಂದ್ರೆ ಏನೂ ಅಲ್ಲ ಅನ್ಸುತ್ತೆ. ಲೆಕ್ಕ ಹಾಕಿ ನೋಡಿ, ಶೇಕಡಾ 0.065. ಮೂಲ ಮೊದಲೇ ಚೂರು ವೇಗವಾಗಿದೆ ಅಂದ್ಕೊಂಡು ಸಾಫ್ಟ್‌ವೇರ್ ಅದನ್ನ ಕಡಿಮೆ ಕುಗ್ಗಿಸುತ್ತೆ, ಹಾಗಾಗಿ ಪ್ರತಿ ಸೆಕೆಂಡಿಗೆ 0.65 ಮಿಲಿಸೆಕೆಂಡ್ ರೂಮ್ ಮೈಕ್ ಹಿಂದೆ ಬೀಳ್ತಾ ಹೋಗುತ್ತೆ. ಒಂದೂವರೆ ಸೆಕೆಂಡ್ ಆಗೋಷ್ಟ್ರಲ್ಲಿ 1 ಮಿಲಿಸೆಕೆಂಡ್. ಒಂದೇ ಸದ್ದು 1 ಮಿಲಿಸೆಕೆಂಡ್ ತಡವಾಗಿ ತನ್ನ ಜೊತೆ ತಾನೇ ಸೇರಿದ್ರೆ 500 ಹರ್ಟ್ಸ್, 1500, 2500 ಹೀಗೆ ಸಾಲಾಗಿ ತೂತು ಬೀಳ್ತವೆ, ತಡ ಬೆಳೆದ ಹಾಗೆ ಆ ತೂತುಗಳು ಕೆಳಗೆ ಇಳೀತಾ ಬರ್ತವೆ, ಸುಯ್ ಅಂತ ಜಾರ್ತಿದ್ದ ಟೊಳ್ಳು ಅದೇ. 30 ಸೆಕೆಂಡಿಗೆ 20 ಮಿಲಿಸೆಕೆಂಡ್, ಹೊಡೆತ ಎರಡಾಗಿ ಕೇಳೋಕೆ ಶುರು. ಹಾಡಿನ ಕೊನೇಲಿ 187 ಮಿಲಿಸೆಕೆಂಡ್. ವಾಯ್ಸ್ ಇದಕ್ಕೆ ಉಲ್ಟಾ ದಿಕ್ಕಲ್ಲಿ, ಕೊನೇಲಿ 0.4 ಸೆಕೆಂಡ್ ಮುಂದೆ. ವಾಯ್ಸಿನ ತಗಡಿನ ಸದ್ದೊಂದು ಬಿಟ್ಟು, ನಾವು ಕಿವಿಯಲ್ಲಿ ಕೇಳಿದ್ದ ಹೆಚ್ಚಿನದಕ್ಕೆ ಈ ಎರಡು ನಂಬರಲ್ಲಿ ಉತ್ತರ ಇತ್ತು.

ಎಲ್ಲಾ ಕ್ಲಿಪ್ಪಲ್ಲೂ ಕೈಯಾರೆ 92.00 ಅಂತ ಟೈಪ್ ಮಾಡಿದೆ. ವಾಯ್ಸ್ ಓಡೋದು ನಿಂತೋಯ್ತು, ಡಬಲ್ ಹೊಡೆತ ಹೋಯ್ತು, ಅರವತ್ತು ಮಾರ್ಕರ್ ಯಾವುದೂ ಬೇಕಾಗೇ ಇರ್ಲಿಲ್ಲ.

ಉಳಿದಿದ್ದು

ಡ್ರಮ್ಸ್‌ನಲ್ಲಿ ಇನ್ನೂ ಸ್ವಲ್ಪ ಟೊಳ್ಳು ಇತ್ತು, ಜಾರದೇ ನಿಂತಿರೋ ಟೊಳ್ಳು. ಮೂರೂ ಮೈಕಿಗೆ ವೇಗ ಒಂದೇ ಆದ್ರೂ ಅಲ್ಗಾರಿದಮ್ ಮೂರನ್ನೂ ಬೇರೆಬೇರೆಯಾಗಿ ನೋಡಿ, ಎಲ್ಲಿ ತುಂಡು ಮಾಡ್ಬೇಕು, ಯಾವುದು ಹೊಡೆತ ಅಂತ ಬೇರೆಬೇರೆ ನಿರ್ಧಾರ ತಗೊಳುತ್ತೆ. ಒಂದೇ ಹೊಡೆತ ಮೂರು ಮೈಕಲ್ಲೂ ಇರೋದ್ರಿಂದ ಅವುಗಳ ನಡುವಿನ ಫೇಸ್ ಸಂಬಂಧ (ಅಲೆಗಳ ಏರಿಳಿತ ಒಂದಕ್ಕೊಂದು ಹೊಂದೋ ರೀತಿ) ಹಾಳಾಗುತ್ತೆ. ಸ್ಟೀರಿಯೋ ಫೈಲನ್ನ ಎಡ ಬಲ ಬೇರೆ ಮಾಡಿ ಸ್ಟ್ರೆಚ್ ಮಾಡಿದ್ರೂ ಇದೇ ಗತಿ. ಮೂರನ್ನೂ ಮೊದಲೇ ಮಿಕ್ಸ್ ಮಾಡಿ ಒಂದೇ ಫೈಲಾಗಿ ಸ್ಟ್ರೆಚ್ ಮಾಡೋದು ಒಂದು ದಾರಿ, ಆದ್ರೆ ಆಮೇಲೆ ಕಿಕ್ಕಿನ ಲೆವೆಲ್ ಬದಲಾಯಿಸೋಕಾಗಲ್ಲ. ಡ್ರಮ್ಮರ್ ಜೊತೆ ಮಾತಾಡಿ ನಾವು ಆರಿಸಿದ್ದು ಇನ್ನೊಂದು ದಾರಿ, ಸ್ಟ್ರೆಚ್ಚೇ ಬೇಡ, ಕತ್ತರಿಸೋಣ.

ಮೂರು ಟ್ರ್ಯಾಕನ್ನೂ ಗ್ರೂಪ್ ಮಾಡಿ, ಮುಖ್ಯ ಹೊಡೆತಗಳ ಹತ್ರ ಮೂರಕ್ಕೂ ಒಂದೇ ಕ್ಷಣದಲ್ಲಿ ಕಟ್, ತುಂಡುಗಳನ್ನ 96ರ ಗ್ರಿಡ್‌ಗೆ ಸರಿಸೋದು, ಸೇರೋ ಜಾಗದಲ್ಲಿ ಚಿಕ್ಕ ಕ್ರಾಸ್‌ಫೇಡ್ (ಒಂದು ತುಂಡು ಇಳೀತಾ ಇನ್ನೊಂದು ಏರೋದು). ರೂಮ್ ಮೈಕಿಗೆ ಸದ್ದು ಸುಮಾರು 9 ಮಿಲಿಸೆಕೆಂಡ್ ತಡವಾಗಿ ಬರುತ್ತೆ, ಹಾಗಾಗಿ ಕಟ್ ಎಲ್ಲಕ್ಕಿಂತ ಮುಂಚೆ ಹೊಡೆತ ಸಿಗೋ ಮೈಕಿಗಿಂತಾನೂ ಚೂರು ಮುಂಚೇನೇ ಇರ್ಬೇಕು, ರೂಮ್ ಮೈಕಿನ ಅಲೆ ನೋಡ್ಕೊಂಡು ಕಟ್ ಮಾಡಿದ್ರೆ ಕಿಕ್ಕಿನ ಮೊನೇನೇ ಹಾರೋಗುತ್ತೆ. ನಮ್ಮ ಅದೃಷ್ಟಕ್ಕೆ ವೇಗ ಜಾಸ್ತಿ ಮಾಡ್ತಿದ್ವಿ, ತುಂಡುಗಳು ಒಂದರ ಮೇಲೊಂದು ಏರ್ತವೆ, ನಡುವೆ ಖಾಲಿ ಬೀಳಲ್ಲ. ನಿಧಾನ ಮಾಡೋದಾಗಿದ್ರೆ ಪ್ರತಿ ತುಂಡಿನ ನಡುವೆ ಗ್ಯಾಪ್ ತುಂಬಿಸೋ ಕಷ್ಟ ಇರ್ತಿತ್ತು, ಆಗ ಈ ದಾರಿ ಇಷ್ಟು ಧೈರ್ಯವಾಗಿ ಹೇಳ್ತಿರ್ಲಿಲ್ಲ. ಕ್ರ್ಯಾಶ್ ಸಿಂಬಲ್ ಉದ್ದಕ್ಕೆ ರಿಂಗ್ ಆಗೋ ನಾಲ್ಕು ಜಾಗದಲ್ಲಿ ಮಾತ್ರ ಕಟ್‌ಗಳು ಕೇಳಿಸ್ತಿದ್ವು, ಅಲ್ಲಿ ಬೇರೆ ಹೊಡೆತ ಕಡಿಮೆ ಇದ್ದಿದ್ರಿಂದ ಎರಡು ಬೀಟ್ ಹೊತ್ತು ಕಟ್ ಮಾಡದೇ ಬಿಟ್ವಿ.

ವಾಯ್ಸ್‌ನ ತಗಡಿನ ಸದ್ದು ಮಾತ್ರ 92.00 ಮಾಡಿದ್ಮೇಲೂ ಹೋಗ್ಲಿಲ್ಲ. ಆಗ ಮೊದಲ ದಿನಾನೇ ಮಾಡ್ಬೇಕಿದ್ದ ಕೆಲಸ ಮಾಡ್ದೆ, ಸ್ಟ್ರೆಚ್ ಪೂರ್ತಿ ಆಫ್ ಮಾಡಿ, ಬಂದಿದ್ದ ಫೈಲನ್ನ ಹಾಗೇ ಕೇಳಿದೆ. ತಗಡು ಅಲ್ಲೇ ಇದೆ, ಸ್ವಲ್ಪ ಕಡಿಮೆ ಅಷ್ಟೇ. ಸ್ಪೆಕ್ಟ್ರೋಗ್ರಾಮ್ (ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅಂತ ತೋರಿಸೋ ಚಿತ್ರ) ತೆಗೆದ್ರೆ 16 ಕಿಲೋಹರ್ಟ್ಸ್ ಮೇಲೆ ಚಾಕು ಹಾಕಿದ ಹಾಗೆ ಖಾಲಿ, ಕಡಿಮೆ ಬಿಟ್‌ರೇಟಿನ ಎಂಪಿ3ನಲ್ಲಿ ಸಾಮಾನ್ಯವಾಗಿ ಕಾಣೋ ಗುರುತು ಅದು. ಫೈಲಿನ ಹೆಸರಿಗೆ ವೇವ್ ಅಂತ ಇದ್ರೂ ಒಳಗಿರೋದು ಎಂಪಿ3 ಆಗಿ ಹೋಗಿ ವಾಪಸ್ ಬಂದ ಸದ್ದು.

ಹಾಡಿದವರಿಗೆ ಫೋನ್ ಮಾಡಿ ಕೇಳಿದೆ, "ಈ ಫೈಲ್ ನನ್ನ ಹತ್ರ ಬರೋಕ್ಕೆ ಮುಂಚೆ ಇದಕ್ಕೆ ಏನೇನಾಗಿತ್ತು ಅಂತ ಸ್ವಲ್ಪ ನೆನಪು ಮಾಡ್ಕೊಂಡು ಹೇಳ್ತೀರಾ?"

"ಮೊದಲು 88ಕ್ಕೆ ಹಾಡಿದ್ದೆ ಅಲ್ವಾ, ಆಮೇಲೆ ಡ್ರಮ್ಸ್‌ಗೆ 92 ಚೆನ್ನಾಗಿರುತ್ತೆ ಅಂದ್ರು, ಆಗ ಫೋನಲ್ಲಿದ್ದ ಆಪ್‌ನಲ್ಲೇ ಸ್ಪೀಡ್ ಮಾಡಿ ಕಳಿಸ್ದೆ, ನೀವು ವೇವ್ ಬೇಕು ಅಂದ್ರಿ, ಅದನ್ನೇ ಕನ್ವರ್ಟ್ ಮಾಡಿ ಕೊಟ್ಟಿದ್ದು. ಅದೇನಾದ್ರೂ ತೊಂದ್ರೆ ಆಯ್ತಾ?"

ಅವರ ತಪ್ಪು ಏನಿಲ್ಲ ಇದ್ರಲ್ಲಿ, ನಾನು ವೇವ್ ಬೇಕು ಅಂತ ಕೇಳಿದ್ನೇ ಹೊರತು ಮೊದಲು ರೆಕಾರ್ಡ್ ಆದ ಫೈಲ್ ಬೇಕು ಅಂತ ಕೇಳಿರ್ಲಿಲ್ಲ. 88ರಿಂದ 92ಕ್ಕೆ ಒಂದು ಸಲ, 96ಕ್ಕೆ ಇನ್ನೊಂದು ಸಲ, ನನ್ನ ಮಾರ್ಕರ್‌ಗಳಿಂದ ಮೂರನೇ ಸಲ, ನಡುವೆ ಒಂದು ಎಂಪಿ3. ಪುಣ್ಯಕ್ಕೆ 88ರ 24 ಬಿಟ್ ರೆಕಾರ್ಡಿಂಗ್ ಅವರ ರೆಕಾರ್ಡರಲ್ಲೇ ಉಳಿದಿತ್ತು.

ಈಗ ಆಯ್ಕೆ ಎರಡು, 96ಕ್ಕೆ ಹೊಸದಾಗಿ ಹಾಡೋದು ಅಥವಾ 88ರಿಂದ 96ಕ್ಕೆ ಒಂದೇ ಸಲ ತರೋದು. ಆ ಟೇಕಲ್ಲಿದ್ದ ಭಾವ ಮತ್ತೆ ಬರಲ್ಲ ಅಂತ ಅವರು ಹೇಳಿದ್ರು, ಕೇಳಿದ್ರೆ ನಂಗೂ ಹಾಗೇ ಅನ್ನಿಸ್ತು. ಶೇಕಡಾ 9 ಒಂದೇ ಸಲಕ್ಕೆ ಸ್ಟ್ರೆಚ್ ಮಾಡಿ ನೋಡಿದ್ರೆ ತಗಡು ಇಲ್ಲ, ಆದ್ರೆ ಬೇರೆ ಒಂದು ವಿಷಯ ಚುಚ್ಚಿತು, ವೈಬ್ರೇಟೊ. ಅವರ ಸ್ವರದ ಕಂಪನ ಸೆಕೆಂಡಿಗೆ ಐದೂವರೆ ಸಲ ಇದ್ದಿದ್ದು ಆರಾಗಿ, ನಿರಾಳವಾಗಿ ಹಾಡಿದ್ದು ಗಾಬರಿಯಲ್ಲಿ ಹಾಡಿದ ಹಾಗೆ ಕೇಳ್ತಿತ್ತು. ಇದನ್ನ ಯಾವ ಅಲ್ಗಾರಿದಮ್ಮೂ ಸರಿ ಮಾಡಲ್ಲ, ಕಂಪನಾನೂ ಸಮಯದ ಒಳಗೇ ಇರೋದು, ಸಮಯ ಕುಗ್ಗಿದ್ರೆ ಅದೂ ಕುಗ್ಗುತ್ತೆ.

ಹಾಗಾಗಿ ನಾಲ್ಕನೇ ಸಂಜೆ ವಾಯ್ಸನ್ನೂ ಬಿಡಿಸಿದ್ವಿ. ಪದ ಪದ ಬೇರೆ ಮಾಡಿ ಜಾಗಕ್ಕೆ ಸರಿಸಿ, ನಡುವಿನ ಉಸಿರಿನ ಜಾಗ ಮತ್ತೆ ಮೌನ ಕಡಿಮೆ ಮಾಡಿದ್ವಿ, ವ್ಯಂಜನಗಳನ್ನ ಮುಟ್ಟಲೇ ಇಲ್ಲ. ಸಾಲಿನ ಕೊನೇಲಿ ಎಳೆದ ಸ್ವರಗಳನ್ನ ಸ್ಟ್ರೆಚ್ ಮಾಡದೇ ಕೊನೇ ತುದಿ ಫೇಡ್ ಮಾಡಿ ಮುಗಿಸಿದ್ವಿ. ಎಳೆದ ಸ್ವರದ ಬೆನ್ನಿಗೇ ಇನ್ನೊಂದು ಪದ ಬರೋ ಕಡೆ ಮಾತ್ರ ಬೇರೆ ದಾರಿ ಇರ್ಲಿಲ್ಲ, ಅಂಥವು 11 ಸಿಕ್ಕಿದ್ವು, ಅಷ್ಟನ್ನ ಒಂದೇ ಸ್ವರಕ್ಕೆ ಹೊಂದೋ ಮೋಡ್‌ನಲ್ಲಿ ಕುಗ್ಗಿಸಿದ್ವಿ.

ಗಿಟಾರ್ ವಿಷಯ ಬೇಗ ಮುಗೀತು. ಕಾರ್ಡ್‌ಗಳು ರಿಂಗ್ ಆಗ್ತಾ ಒಂದರೊಳಗೊಂದು ಸೇರೋ ನುಡಿಸೋ ರೀತಿ ಅದು, ಕತ್ತರಿಸೋಕೆ ಜಾಗ ಇಲ್ಲ, ಸ್ಟ್ರೆಚ್ ಮಾಡಿದ್ರೆ ತಂತಿ ಮೀಟಿದ ಮೊನೆ ಮಬ್ಬು. ಗಿಟಾರಿಸ್ಟ್ ಎರಡು ನಿಮಿಷ ಕೇಳಿ "ನಾನೇ ಮತ್ತೆ ನುಡಿಸ್ತೀನಿ ಬಿಡಿ" ಅಂದು, ಮುಕ್ಕಾಲು ಗಂಟೇಲಿ 96ಕ್ಕೆ ನುಡಿಸಿ ಕಳಿಸಿದ್ರು. ಮೊದಲ ದಿನಾನೇ ಈ ಪ್ರಶ್ನೆ ನಾನು ಅವರಿಗೆ ಕೇಳ್ಬೇಕಿತ್ತು.

ಈಗ ಮಾಡೋದು

ಇಂಪೋರ್ಟ್ ಆದ ತಕ್ಷಣ ಟೆಂಪೋಗೆ ಹೊಂದಿಸೋ ಆಯ್ಕೆ ಆಫ್ ಮಾಡಿಟ್ಟಿದೀನಿ, ಟೆಂಪೋ ಗೊತ್ತಿದ್ರೆ ಕೈಯಲ್ಲೇ ಟೈಪ್ ಮಾಡ್ತೀನಿ. ಫೈಲ್ ಬಂದ ಕೂಡ್ಲೇ ಸ್ಟ್ರೆಚ್ ಇಲ್ದೇ ಒಂದ್ಸಲ ಕೇಳೋದು, ಸ್ಪೆಕ್ಟ್ರೋಗ್ರಾಮ್ ಒಂದ್ಸಲ ನೋಡೋದು, ಇದು ಎಷ್ಟನೇ ಕೈ ಅಂತ ಕಳಿಸಿದವರನ್ನ ಕೇಳೋದು, ಇಷ್ಟಕ್ಕೆ ಹತ್ತು ನಿಮಿಷ ಸಾಕು. ಫೈಲ್ ಹೆಸರಲ್ಲಿ ಮೂಲ ಟೆಂಪೋ ಬರೀತೀವಿ, ಸ್ಟ್ರೆಚ್ ಮಾಡಿ ರೆಂಡರ್ ಮಾಡಿದ್ದಾದ್ರೆ ಎಷ್ಟರಿಂದ ಎಷ್ಟಕ್ಕೆ ಅಂತಾನೂ ಬರೀತೀವಿ. ದೋಷ ಕೇಳಿಸಿದಾಗ ಮೊದಲು ನೋಡೋದು ಅದು ಹಾಡಿನುದ್ದಕ್ಕೂ ಬೆಳೀತಾ ಹೋಗುತ್ತಾ, ಒಂದೇ ಥರ ಇರುತ್ತಾ ಅಂತ. ಬೆಳೆಯೋದಾದ್ರೆ ನಂಬರ್ ತಪ್ಪಿದೆ, ಮೋಡ್ ಬದಲಾಯಿಸಿ ಉಪಯೋಗ ಇಲ್ಲ. ಒಂದೇ ಥರ ಇದ್ರೆ ಮೋಡ್ ಅಥವಾ ಮೂಲ ಫೈಲ್, ಸ್ಟ್ರೆಚ್ ಆಫ್ ಮಾಡಿ ಕೇಳಿದ್ರೆ ಎರಡರಲ್ಲಿ ಯಾವುದು ಅಂತ ಗೊತ್ತಾಗುತ್ತೆ.

ಟೆಸ್ಟ್ ಕ್ಲಿಕ್ ಫೈಲ್ ಈಗಲೂ ಇದೆ. ಆದ್ರೆ ಅದನ್ನ ಒಂದನ್ನೇ ನಂಬಲ್ಲ, ಅದರ ಜೊತೆ ಅದೇ ಕ್ಲಿಕ್ಕಿಗೆ ದಪ್ಪ ರಿವರ್ಬ್ (ಪ್ರತಿಧ್ವನಿ) ಹಾಕಿದ ಇನ್ನೊಂದು ಫೈಲೂ ಇಟ್ಕೊಂಡಿದೀನಿ, ಎರಡಕ್ಕೂ ಸಾಫ್ಟ್‌ವೇರ್ ಒಂದೇ ಟೆಂಪೋ ಹೇಳುತ್ತಾ ಅಂತ ನೋಡೋಕೆ.

ಹಾಡು 96ರಲ್ಲೇ ಮುಗೀತು. ಎರಡನೇ ಚರಣದಲ್ಲಿ ಒಂದು ಕಡೆ ಉಸಿರು ತಗೊಳ್ಳೋ ಜಾಗ ಕಡಿಮೆ ಆಗಿ, ಪದ ಸ್ವಲ್ಪ ಅವಸರದಲ್ಲಿ ಬಿದ್ದ ಹಾಗೆ ಇನ್ನೂ ಕೇಳುತ್ತೆ. ಅದನ್ನ ಸರಿ ಮಾಡ್ಬೇಕಂದ್ರೆ ಹಿಂದಿನ ಸ್ವರ ಇನ್ನಷ್ಟು ಕುಗ್ಗಿಸ್ಬೇಕಿತ್ತು, ಹಾಡಿದವರು ಎರಡೂ ಥರ ಕೇಳಿ, ಸ್ವರ ಹಾಗೇ ಇರ್ಲಿ ಅಂದ್ರು, ಹಾಗೇ ಬಿಟ್ವಿ.